ಮೂಗಿನ ದುರ್ಮಾಂಸ: ಒಂದೇ ಫೈಲು, ನಾಲ್ಕಾರು ವೈದ್ಯರು

ಮೂಗು ಕಟ್ಟಿ ಮೂರು ತಿಂಗಳು ದಾಟಿದೆ, ಒಗ್ಗರಣೆ ಸೀದರೂ ವಾಸನೆ ಗೊತ್ತಾಗುವುದಿಲ್ಲ, ಗಂಟಲಿಗೆ ಸಿಂಬಳ ಇಳಿಯುತ್ತಲೇ ಇರುತ್ತದೆ. ಹೀಗೆನ್ನುವವರ ಮೂಗಿನೊಳಗೆ ದುರ್ಮಾಂಸ, ಅಂದರೆ ಪಾಲಿಪ್, ಇದೆಯೇ ಎಂದು ನೋಡಲೇಬೇಕು. ಮೂಗಿನ ಸುತ್ತಲಿನ ಸೈನಸ್ ಗೂಡುಗಳ ಒಳಪೊರೆ ಬಹುಕಾಲದ ಉರಿಯೂತದಿಂದ ನೀರು ತುಂಬಿ ಊದಿಕೊಂಡು, ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗೆ ಕೆಳಗೆ ಜೋತುಬೀಳುತ್ತದೆ. ಎರಡೂ ಕಡೆ ಇರುವ ಇಂಥ ಪಾಲಿಪ್ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಆದರೆ ಇದು ಮೂಗಿಗಷ್ಟೇ ಸಂಬಂಧಿಸಿದ ಕಾಯಿಲೆಯೂ ಅಲ್ಲ. ಮೂಗಿನಿಂದ ಶ್ವಾಸಕೋಶದವರೆಗೆ ಉಸಿರಿನ ಹಾದಿ ಒಂದೇ. ಮೇಲೆ ಪಾಲಿಪ್ ಬೆಳೆಸುವ ಉರಿಯೂತವೇ ಕೆಳಗೆ ಎಷ್ಟೋ ಜನರಲ್ಲಿ ದಮ್ಮು ಎಬ್ಬಿಸುತ್ತದೆ. ಆದ್ದರಿಂದ ಇಎನ್‌ಟಿ ವೈದ್ಯರೊಬ್ಬರೇ ಚಿಕಿತ್ಸೆ ಕೊಟ್ಟರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ದಾವಣಗೆರೆಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಚಿಗಟೇರಿ ಜಿಲ್ಲಾಸ್ಪತ್ರೆಯೂ ಇವೆ. ಚಿತ್ರದುರ್ಗದಲ್ಲಿ ಜಿಲ್ಲಾಸ್ಪತ್ರೆ ಇದೆ, ವೈದ್ಯಕೀಯ ಕಾಲೇಜುಗಳಿವೆ. ಬೇಕಾದ ತಜ್ಞರಲ್ಲಿ ಬಹುಪಾಲು ಜನ ಒಂದೇ ಆವರಣದಲ್ಲಿ ಅಥವಾ ಒಂದೇ ಊರಿನಲ್ಲಿ ಸಿಗುತ್ತಾರೆ. ಸಾಮಾನ್ಯವಾಗಿ ಕೊರತೆ ಬೀಳುವುದು ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕಾದ ಸ್ಪಷ್ಟ ಪ್ರಶ್ನೆಯ ಚೀಟಿ ಮಾತ್ರ. ಆ ಚೀಟಿಗಳನ್ನೂ ವರದಿಗಳನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳುವುದು ರೋಗಿಯ ಮನೆಯವರ ಕೈಯಲ್ಲಿದೆ.

ಆಸ್ಪತ್ರೆಗೆ ಹೋಗುವ ಮುನ್ನ

ವಾಸನೆಯನ್ನು ಮನೆಯಲ್ಲೇ ಪರೀಕ್ಷಿಸಿ. ಕಣ್ಣು ಮುಚ್ಚಿ, ಒಂದು ಹೊಳ್ಳೆ ಒತ್ತಿಹಿಡಿದು, ಇನ್ನೊಂದರಿಂದ ಕಾಫಿಪುಡಿ, ಇಂಗು, ಏಲಕ್ಕಿಯನ್ನು ಒಂದೊಂದಾಗಿ ಮೂಸಬೇಕು. ವಿಕ್ಸ್, ಅಮೃತಾಂಜನ ಬೇಡ. ಅವುಗಳ ಘಾಟು ಬೇರೆ ನರದ ಮೂಲಕ ತಿಳಿಯುತ್ತದೆ, ಹೀಗಾಗಿ ವಾಸನೆ ಪೂರ್ತಿ ಹೋದವರಿಗೂ ಅದು ಗೊತ್ತಾಗುತ್ತದೆ. ಮೂಗು ಕಟ್ಟುವುದು, ಸಿಂಬಳ, ವಾಸನೆ ಇಲ್ಲದಿರುವುದು, ಮುಖದ ಭಾರ ಈ ನಾಲ್ಕಕ್ಕೂ 0ಯಿಂದ 10ರವರೆಗೆ ಅಂಕ ಕೊಟ್ಟು ದಿನಾಂಕದ ಜೊತೆ ಬರೆದಿಡಿ. 7ಕ್ಕಿಂತ ಹೆಚ್ಚಿದ್ದರೆ ತೀವ್ರ ಎಂದು ಲೆಕ್ಕ. ಚಿಕಿತ್ಸೆ ಕೆಲಸ ಮಾಡಿತೇ ಇಲ್ಲವೇ ಎಂದು ಮುಂದೆ ಹೇಳುವುದು ಈ ಅಂಕಗಳೇ.

ಅದೇ ಹಾಳೆಯಲ್ಲಿ ಇನ್ನಷ್ಟು ಸಂಗತಿ ಸೇರಲಿ. ತೊಂದರೆ ಎರಡೂ ಹೊಳ್ಳೆಯಲ್ಲೋ ಒಂದರಲ್ಲೋ, ಮೂಗಿನಿಂದ ರಕ್ತ ಬರುತ್ತದೆಯೋ, ರಾತ್ರಿ ಎದೆ ಸುಂಯ್ ಎನ್ನುತ್ತದೆಯೋ, ಸಕ್ಕರೆ ಕಾಯಿಲೆ, ಬಿಪಿ, ಹಿಂದೆ ಟಿಬಿ ಇದ್ದವೋ, ಕೆರೆಯಲ್ಲಿ ಈಜುವ ಅಥವಾ ದನ ತೊಳೆಯುವ ರೂಢಿ ಇದೆಯೋ. ಕೆಲಸ ಯಾವುದೆಂದೂ ಬರೆಯಿರಿ. ಮೆಕ್ಕೆಜೋಳ ಒಕ್ಕುವ ದೂಳು, ಹತ್ತಿ ಜಿನ್ನಿಂಗ್, ಮಂಡಕ್ಕಿ ಭಟ್ಟಿಯ ಹೊಗೆ, ಅದಿರು ಲಾರಿ ಓಡಾಡುವ ರಸ್ತೆಯ ದೂಳು ಪಾಲಿಪ್‌ಗೆ ನೇರ ಕಾರಣವೆಂದು ಹೇಳಲಾಗದು. ಆದರೆ ಊದಿದ ಪೊರೆಯನ್ನು ಇವು ಇನ್ನಷ್ಟು ಕೆರಳಿಸುತ್ತವೆ, ಮತ್ತು ಆಪರೇಷನ್ ಆದಮೇಲೆ ಅದೇ ದೂಳಿಗೆ ಹಾಗೇ ಮರಳಬಾರದು.

ಎಲ್ಲಕ್ಕಿಂತ ಮುಖ್ಯ, ನೋವಿನ ಗುಳಿಗೆಯ ವಿಚಾರ. ಡಿಸ್ಪ್ರಿನ್, ಬ್ರೂಫೆನ್, ಕಾಂಬಿಫ್ಲಾಮ್, ವೊವೆರಾನ್, ಮೆಫ್ತಾಲ್ ಇವುಗಳಲ್ಲಿ ಯಾವುದನ್ನಾದರೂ ನುಂಗಿದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಮೂಗು ಸೋರಿ ಕಟ್ಟಿತೇ, ಎದೆ ಬಿಗಿಯಿತೇ, ಮುಖ ಕೆಂಪಾಯಿತೇ? ಪಾಲಿಪ್, ದಮ್ಮು, ಈ ಗುಳಿಗೆಗಳಿಗೆ ಪ್ರತಿಕ್ರಿಯೆ ಮೂರೂ ಒಟ್ಟಿಗೆ ಇರುವ ಕಾಯಿಲೆ ಬೇರೆಯದೇ ಒಂದಿದೆ. ಅಂಥವರಿಗೆ ಪಾಲಿಪ್ ಬೇಗ ಮರಳುತ್ತದೆ, ಒಂದು ಗುಳಿಗೆಯೇ ಜೀವಕ್ಕೆ ಕುತ್ತು ತರಬಹುದು. ಇವರಲ್ಲಿ ಅನೇಕರಿಗೆ ಸ್ವಲ್ಪ ಮದ್ಯ ಕುಡಿದರೂ ಮೂಗು ಕಟ್ಟುತ್ತದೆ. ಇದು ಗೊತ್ತಾದರೆ ಫೈಲಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. 500 ಮಿ.ಗ್ರಾಂ ಪ್ಯಾರಸಿಟಮಾಲ್ ಇವರಲ್ಲಿ ಬಹುಮಟ್ಟಿಗೆ ತೊಂದರೆ ಕೊಡುವುದಿಲ್ಲ.

ಇಎನ್‌ಟಿ ಕೋಣೆಯಲ್ಲಿ

ಟಾರ್ಚ್ ಹಿಡಿದು ನೋಡಿದರೆ ಸಾಲದು. ಮೂಗನ್ನು ಸಡಿಲಿಸುವ ಮತ್ತು ಮರಗಟ್ಟಿಸುವ ಔಷಧದ ಹತ್ತಿಯನ್ನು ಕೆಲವು ನಿಮಿಷ ಇಟ್ಟು, ಸುಮಾರು 4 ಮಿ.ಮೀ. ದಪ್ಪದ ಎಂಡೋಸ್ಕೋಪ್ ಹಾಕಿ ಒಳಗೆಲ್ಲ ನೋಡಬೇಕು. ಮೂಗಿನ ಗೋಡೆಯಲ್ಲಿ ಎಲ್ಲರಿಗೂ ಇರುವ ಟರ್ಬಿನೇಟ್ ಎಂಬ ತಿರುಳು ಅಲರ್ಜಿಯಲ್ಲಿ ಊದಿಕೊಂಡಾಗ, ಅದನ್ನೇ ದುರ್ಮಾಂಸ ಎಂದುಕೊಳ್ಳುವುದು ಬಹಳ ಸಾಮಾನ್ಯ. ವ್ಯತ್ಯಾಸ ಹೀಗೆ: ಟರ್ಬಿನೇಟ್ ಗುಲಾಬಿ ಬಣ್ಣದ್ದು, ಮುಟ್ಟಿದರೆ ನೋಯುತ್ತದೆ, ಸಡಿಲಿಸುವ ಔಷಧಕ್ಕೆ ಕುಗ್ಗುತ್ತದೆ. ಪಾಲಿಪ್ ಬಿಳಿಚಿಕೊಂಡಿರುತ್ತದೆ, ಸಲಾಕೆಯಿಂದ ಮುಟ್ಟಿದರೂ ನೋಯುವುದಿಲ್ಲ, ಅಷ್ಟಾಗಿ ಕುಗ್ಗುವುದೂ ಇಲ್ಲ.

ಪಾಲಿಪ್ ಎಷ್ಟು ದೊಡ್ಡದೆಂದು ಪ್ರತಿ ಹೊಳ್ಳೆಗೆ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ಮಧ್ಯದ ಟರ್ಬಿನೇಟ್‌ನ ಕೆಳಅಂಚು ದಾಟದಿದ್ದರೆ 1, ಅದನ್ನು ದಾಟಿದ್ದರೆ 2, ಕೆಳಗಿನ ಟರ್ಬಿನೇಟ್‌ನ ಕೆಳಅಂಚು ಮುಟ್ಟಿದರೆ 3, ಹೊಳ್ಳೆ ಪೂರ್ತಿ ಮುಚ್ಚಿದ್ದರೆ 4. ಎರಡೂ ಸೇರಿ 8ಕ್ಕೆ ಎಷ್ಟು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ‘ಪಾಲಿಪ್ ಇದೆ’ ಎಂದಷ್ಟೇ ಬರೆದರೆ ಆರು ತಿಂಗಳ ನಂತರ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಹೇಳಲು ಯಾವ ಆಧಾರವೂ ಇರುವುದಿಲ್ಲ.

ಒಂದೇ ಕಡೆ ಇದ್ದರೆ ದಾರಿ ಬೇರೆ

ಒಂದೇ ಹೊಳ್ಳೆಯಲ್ಲಿ ಗಡ್ಡೆ ಇದ್ದರೆ, ರಕ್ತ ಬರುತ್ತಿದ್ದರೆ, ಕೆಟ್ಟ ವಾಸನೆ ಇದ್ದರೆ ಸ್ಪ್ರೇ ಕೊಟ್ಟು ತಿಂಗಳುಗಟ್ಟಲೆ ಕಾಯಬಾರದು. ಅದು ಮುಂದೆ ಕ್ಯಾನ್ಸರ್ ಆಗಬಲ್ಲ ಇನ್ವರ್ಟೆಡ್ ಪ್ಯಾಪಿಲೋಮಾ ಆಗಿರಬಹುದು, ಕ್ಯಾನ್ಸರೇ ಆಗಿರಬಹುದು, ಶಿಲೀಂಧ್ರದ ಗಡ್ಡೆಯೂ ಇರಬಹುದು. ಮೊದಲು ಸಿಟಿ, ಅನುಮಾನ ಉಳಿದರೆ ಎಂಆರ್‌ಐ, ಆಮೇಲೆ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ. ಈ ಕ್ರಮ ತಪ್ಪಬಾರದು, ಮಕ್ಕಳಲ್ಲಂತೂ ಖಂಡಿತ ತಪ್ಪಬಾರದು. ಮೆದುಳಿನ ಪೊರೆಯೇ ಮೂಗಿಗೆ ಜಾರಿ ಪಾಲಿಪ್‌ನಂತೆ ಕಾಣುವುದುಂಟು, ಅದನ್ನು ಚುಚ್ಚಿದರೆ ಮೆದುಳಿನ ಸುತ್ತಲಿನ ದ್ರವ ಸೋರಿ ಮೆದುಳುಜ್ವರಕ್ಕೆ ದಾರಿಯಾಗುತ್ತದೆ. ಮಕ್ಕಳಲ್ಲಿ ಎರಡೂ ಕಡೆ ಪಾಲಿಪ್ ಅಪರೂಪ. ಕಂಡರೆ ಮಕ್ಕಳ ತಜ್ಞರು ಸಿಂಬಳ-ಕಫ ಗಟ್ಟಿ ಅಂಟಾಗುವ ಹುಟ್ಟುಕಾಯಿಲೆ ಸಿಸ್ಟಿಕ್ ಫೈಬ್ರೋಸಿಸ್ ಇದೆಯೇ ಎಂದು ಬೆವರಿನ ಪರೀಕ್ಷೆ ಮಾಡಿಸಬೇಕು.

ನಮ್ಮ ಕಡೆ ಮರೆಯಬಾರದ್ದು ರೈನೋಸ್ಪೊರಿಡಿಯೋಸಿಸ್. ನಿಂತ ನೀರಿನ ಕೆರೆ-ಹೊಂಡಗಳಲ್ಲಿ ಮೀಯುವವರಲ್ಲಿ ಕಾಣುವ ಸೋಂಕು ಇದು. ಗಡ್ಡೆ ಕೆಂಪಗಿದ್ದು, ಮೇಲೆ ಸಣ್ಣ ಬಿಳಿ ಚುಕ್ಕೆಗಳಿದ್ದು, ಮುಟ್ಟಿದರೆ ರಕ್ತ ಒಸರುತ್ತದೆ. ಸ್ಟೀರಾಯ್ಡ್ ಸ್ಪ್ರೇಗೆ ಇದು ಬಗ್ಗುವುದಿಲ್ಲ. ಬುಡಸಮೇತ ತೆಗೆದು ಬುಡವನ್ನು ಸುಡಬೇಕು, ಮತ್ತೆ ಬಾರದಿರಲೆಂದು ಡ್ಯಾಪ್ಸೋನ್ ಗುಳಿಗೆ ಕೊಡುವುದುಂಟು.

ಶ್ವಾಸಕೋಶ ತಜ್ಞರಿಗೆ ಚೀಟಿ

ಎರಡೂ ಕಡೆ ಪಾಲಿಪ್ ಇರುವ ಪ್ರತಿಯೊಬ್ಬರೂ, ದಮ್ಮು ಇಲ್ಲವೆಂದರೂ, ಒಮ್ಮೆ ಸ್ಪೈರೋಮೆಟ್ರಿ, ಅಂದರೆ ಕೊಳವೆಗೆ ಊದಿಸಿ ಉಸಿರನ್ನು ಅಳೆಯುವ ಪರೀಕ್ಷೆ, ಮಾಡಿಸುವುದು ಒಳ್ಳೆಯದು. ಹತ್ತಿಪ್ಪತ್ತು ವರ್ಷ ನಿಧಾನ ಉಸಿರಿಗೇ ಒಗ್ಗಿಹೋದವರು ತಮಗೆ ದಮ್ಮು ಇದೆ ಎಂದು ಹೇಳುವುದೇ ಇಲ್ಲ. ಉಸಿರುನಾಳ ಹಿಗ್ಗಿಸುವ ಸಾಲ್ಬುಟಮಾಲ್ ಇನ್ಹೇಲರ್ ಎಳೆದು 15 ನಿಮಿಷದ ನಂತರ ಮತ್ತೆ ಊದಿದಾಗ ಎಫ್‌ಇವಿ1 ಎಂಬ ಅಳತೆ (ಮೊದಲ ಒಂದು ಸೆಕೆಂಡಿನಲ್ಲಿ ಊದಿದ ಗಾಳಿ) ಶೇ 12ಕ್ಕಿಂತ ಹೆಚ್ಚು ಮತ್ತು 200 ಮಿ.ಲೀ.ಗಿಂತ ಹೆಚ್ಚು ಏರಿದರೆ ದಮ್ಮಿನ ಕಡೆ ಬೆರಳು ತೋರುತ್ತದೆ. ಪರೀಕ್ಷೆಗೆ ಮುನ್ನ ಇನ್ಹೇಲರ್ ಎಷ್ಟು ಗಂಟೆ ನಿಲ್ಲಿಸಬೇಕೆಂದು ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ಕೇಳಿ. ಎಳೆದುಕೊಂಡೇ ಹೋದರೆ ವ್ಯತ್ಯಾಸ ಮುಚ್ಚಿಹೋಗುತ್ತದೆ.

ಚೀಟಿಯಲ್ಲಿ ‘ಅಭಿಪ್ರಾಯಕ್ಕಾಗಿ’ ಎಂದಷ್ಟೇ ಬರೆದು ಕಳಿಸಿದರೆ ಉತ್ತರವೂ ಹಾಗೇ ಬರುತ್ತದೆ. ಹೀಗೆ ಬರೆದರೆ ಉಪಯೋಗ: “ಎರಡೂ ಕಡೆ ಪಾಲಿಪ್, ಅಂಕ 8ಕ್ಕೆ 6. ದಮ್ಮು ಇದೆಯೇ, ಹತೋಟಿಯಲ್ಲಿದೆಯೇ? ಪ್ರೆಡ್ನಿಸೊಲೋನ್ 30 ಮಿ.ಗ್ರಾಂ 7 ದಿನ ಕೊಡುವ ಆಲೋಚನೆ ಇದೆ, ಅಡ್ಡಿ ಇದೆಯೇ? ಈ ವರ್ಷ ನೀವು ಎಷ್ಟು ಸಲ ಕೊಟ್ಟಿದ್ದೀರಿ? ಪೂರ್ಣ ಅರಿವಳಿಕೆಗೆ ಸಿದ್ಧರೇ?” ಉತ್ತರವನ್ನೂ ಅದೇ ಹಾಳೆಯ ಕೆಳಗೆ ಬರೆಸಿ.

ರಕ್ತದಲ್ಲಿ ಇಯೊಸಿನೊಫಿಲ್ (ಇಂಥ ಉರಿಯೂತದಲ್ಲಿ ಏರುವ ಒಂದು ಬಗೆಯ ಬಿಳಿ ರಕ್ತಕಣ) ಎಣಿಕೆ ಮತ್ತು ಒಟ್ಟು ಐಜಿಇ (ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ) ಮಾಡಿಸಬೇಕು. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಗುಳಿಗೆ ಶುರು ಮಾಡುವ ಮೊದಲೇ ರಕ್ತ ಕೊಡಬೇಕು. ಗುಳಿಗೆ ನುಂಗಿದ ಕೆಲವೇ ಗಂಟೆಗಳಲ್ಲಿ ಇಯೊಸಿನೊಫಿಲ್ ಇಳಿದುಬಿಡುತ್ತದೆ, ಆಮೇಲೆ ಬರುವ ‘ನಾರ್ಮಲ್’ ವರದಿ ದಾರಿ ತಪ್ಪಿಸುತ್ತದೆ. ಎಣಿಕೆ ಜಾಸ್ತಿ ಬಂದರೂ ಎಲ್ಲವನ್ನೂ ಪಾಲಿಪ್ ತಲೆಗೆ ಕಟ್ಟಬಾರದು. ಹೊಟ್ಟೆಹುಳ ಇರುವವರಲ್ಲೂ ಇವೆರಡೂ ಏರುತ್ತವೆ, ಆದ್ದರಿಂದ ಮಲಪರೀಕ್ಷೆಯೂ ಜೊತೆಗಿರಲಿ. ಎಣಿಕೆ 1,500 ದಾಟಿದ್ದು, ಕೈಕಾಲು ಜೋಮು, ಚರ್ಮದಲ್ಲಿ ನೇರಳೆ ಕಲೆ, ಎದೆ ಎಕ್ಸ್‌ರೇಯಲ್ಲಿ ನೆರಳು ಇದ್ದರೆ ಅದು ರಕ್ತನಾಳಗಳ ಉರಿಯೂತ ಆಗಿರಬಹುದು. ಆಗ ಫಿಸಿಷಿಯನ್ ಅಥವಾ ರುಮಟಾಲಜಿ ತಜ್ಞರು ತಡವಿಲ್ಲದೆ ನೋಡಬೇಕು.

ಅಲರ್ಜಿಯ ಚರ್ಮಪರೀಕ್ಷೆ ಎಲ್ಲರಿಗೂ ಕಡ್ಡಾಯವಲ್ಲ. ಸೀನು, ಕಣ್ಣುತುರಿಕೆ ಇದ್ದರೆ ದೂಳುಹುಳ, ಜಿರಳೆ, ಪಾರ್ಥೇನಿಯಂಗೆ ಮಾಡಿಸಬಹುದು. ಸಿಟ್ರಿಜಿನ್ ಜಾತಿಯ ಗುಳಿಗೆಯನ್ನು ಒಂದು ವಾರ ಮೊದಲೇ ನಿಲ್ಲಿಸದಿದ್ದರೆ ಚರ್ಮ ಏನನ್ನೂ ತೋರಿಸದು.

ಸ್ಟೀರಾಯ್ಡ್ ಪುಟ

ಫೈಲಿನಲ್ಲಿ ಒಂದು ಪುಟವನ್ನು ಸ್ಟೀರಾಯ್ಡ್ ಗುಳಿಗೆ ಮತ್ತು ಇಂಜೆಕ್ಷನ್‌ಗೆಂದೇ ಮೀಸಲಿಡಿ. ಹಲವು ವೈದ್ಯರ ನಡುವೆ ಅತಿ ದೊಡ್ಡ ಎಡವಟ್ಟು ಆಗುವುದು ಇಲ್ಲೇ. ಮೂಗಿಗೆಂದು ಇಎನ್‌ಟಿಯವರು ಒಂದು ಕೋರ್ಸ್, ದಮ್ಮು ಕೆರಳಿದಾಗ ಶ್ವಾಸಕೋಶ ತಜ್ಞರು ಎರಡು, ಊರಿನ ಕ್ಲಿನಿಕ್‌ನಲ್ಲಿ ಒಂದು ಇಂಜೆಕ್ಷನ್, ಹಳೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಿಂದ ಇನ್ನೊಂದು. ಯಾರೂ ತಪ್ಪು ಮಾಡಿರುವುದಿಲ್ಲ, ಆದರೆ ಒಟ್ಟು ಲೆಕ್ಕ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ದಿನಕ್ಕೆ 30 ಮಿ.ಗ್ರಾಂನಂತೆ 7 ದಿನ ಎಂದರೆ 210 ಮಿ.ಗ್ರಾಂ. ಐದು ಕೋರ್ಸಿಗೆ 1 ಗ್ರಾಂ ದಾಟಿತು. ಜೀವಮಾನದ ಒಟ್ಟು ಪ್ರಮಾಣ ಅರ್ಧದಿಂದ 1 ಗ್ರಾಂ ಆಗುವಷ್ಟರಲ್ಲೇ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆಯ ಅಪಾಯ ಏರತೊಡಗುತ್ತದೆ. ಪಾಲಿಪ್‌ಗಾಗಿ ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು ಸಣ್ಣ ಕೋರ್ಸ್ ಸಾಕು. ಗುಳಿಗೆಗೆ ಪಾಲಿಪ್ ಚೆನ್ನಾಗಿ ಕುಗ್ಗುತ್ತದೆ, ವಾಸನೆಯೂ ಮರಳುತ್ತದೆ, ಆದರೆ ಕೆಲವು ತಿಂಗಳಲ್ಲಿ ಮತ್ತೆ ಮೊದಲಿನಂತಾಗುತ್ತದೆ. ಆ ಸುಖಕ್ಕೆ ಮನಸೋತು ಮತ್ತೆ ಮತ್ತೆ ಕೇಳುವವರನ್ನು ಮನೆಯವರೇ ತಡೆಯಬೇಕು.

ಗುಳಿಗೆ ಕೊಡುವ ಮುನ್ನ ಫಿಸಿಷಿಯನ್ ನೋಡಬೇಕಾದ್ದು: ಸಕ್ಕರೆ, ಬಿಪಿ, ಎದೆ ಎಕ್ಸ್‌ರೇ, ಕಣ್ಣಿನ ಒತ್ತಡದ ಕಾಯಿಲೆ, ಹೊಟ್ಟೆಹುಣ್ಣು. ಬರಿಗಾಲಲ್ಲಿ ಗದ್ದೆ ಕೆಲಸ ಮಾಡುವವರ ಕರುಳಲ್ಲಿ ಸ್ಟ್ರಾಂಜಿಲಾಯ್ಡಿಸ್ ಹುಳು ಅಡಗಿದ್ದರೆ, ಸ್ಟೀರಾಯ್ಡ್ ಸಿಕ್ಕಾಗ ಅದು ಮೈಯೆಲ್ಲ ಹರಡಿ ಪ್ರಾಣ ತೆಗೆಯಬಲ್ಲದು. ಅನುಮಾನವಿದ್ದರೆ ಐವರ್ಮೆಕ್ಟಿನ್ ಮೊದಲೇ ಕೊಡುತ್ತಾರೆ. ಬೆಳಿಗ್ಗೆ ನುಂಗಿದ ಪ್ರೆಡ್ನಿಸೊಲೋನ್ ಮಧ್ಯಾಹ್ನ ಮತ್ತು ಸಂಜೆಯ ಸಕ್ಕರೆಯನ್ನು ಏರಿಸುತ್ತದೆ. ಬೆಳಗಿನ ಖಾಲಿ ಹೊಟ್ಟೆಯ ಪರೀಕ್ಷೆ ಮಾತ್ರ ಮಾಡಿಸಿದರೆ ಇದು ಕಾಣುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಕೆನ್ನೆ ಮರಗಟ್ಟಿದರೆ, ಮೂಗಿನಲ್ಲಿ ಕಪ್ಪು ಹೊಪ್ಪಳೆ ಕಂಡರೆ, ಒಂದು ವಸ್ತು ಎರಡಾಗಿ ಕಂಡರೆ ಅದೇ ದಿನ ಆಸ್ಪತ್ರೆ ಸೇರಬೇಕು. 2021ರಲ್ಲಿ ಎಲ್ಲರೂ ಕೇಳಿದ ಕಪ್ಪು ಶಿಲೀಂಧ್ರದ ಲಕ್ಷಣಗಳೇ ಇವು.

ತೊಳೆಯುವುದು, ಸ್ಪ್ರೇ ಹೊಡೆಯುವುದು

ಬೋರ್‌ವೆಲ್ ನೀರಾಗಲಿ, ನಲ್ಲಿ ನೀರಾಗಲಿ, ಆರ್‌ಒ ನೀರಾಗಲಿ, 5 ನಿಮಿಷ ಕುದಿಸಿ ಆರಿಸಿದ್ದೇ ಆಗಬೇಕು. ಮೂಗಿನ ಮೂಲಕ ಮೆದುಳಿಗೆ ಹೋಗುವ ಅಮೀಬಾ ಇರುವುದು ಹಸಿ ನೀರಿನಲ್ಲಿ. 1 ಲೀಟರ್ ನೀರಿಗೆ ಅಯೋಡಿನ್ ಸೇರಿಸದ ಉಪ್ಪು 9 ಗ್ರಾಂ, ಅಂದರೆ ಮಟ್ಟಸವಾಗಿ ಒಂದೂವರೆ ಟೀ ಚಮಚ, ಜೊತೆಗೆ ಅಡುಗೆ ಸೋಡಾ ಅರ್ಧ ಟೀ ಚಮಚ. ಉಪ್ಪು ಕಡಿಮೆಯಾದರೆ ಮೂಗು ಉರಿಯುತ್ತದೆ. ದಿನದ ನೀರು ದಿನಕ್ಕೇ ಮುಗಿಯಲಿ. 200-250 ಮಿ.ಲೀ. ಹಿಡಿಯುವ ಒತ್ತುವ ಬಾಟಲಿ ಒಳ್ಳೆಯದು. ಜಲನೇತಿಯ ಗಿಂಡಿಯೂ ಆದೀತು, ನೀರು ಮಾತ್ರ ಇದೇ. ಸಿಂಕಿನ ಮೇಲೆ ಬಾಗಿ, ಬಾಯಿ ತೆರೆದು ಉಸಿರಾಡುತ್ತ, ಒಂದು ಹೊಳ್ಳೆಯಿಂದ ಮೆಲ್ಲಗೆ ಬಿಟ್ಟರೆ ಇನ್ನೊಂದರಿಂದ ಬರುತ್ತದೆ. ಪೂರ್ತಿ ಕಟ್ಟಿದ ಮೂಗಿಗೆ ಜೋರಾಗಿ ಒತ್ತಿದರೆ ಕಿವಿ ನೋಯುತ್ತದೆ.

ತೊಳೆದು 10-15 ನಿಮಿಷದ ನಂತರ ಸ್ಪ್ರೇ. ಮೊಮೆಟಸೋನ್ 50 ಮೈಕ್ರೋಗ್ರಾಂ ಸ್ಪ್ರೇಯನ್ನು ದೊಡ್ಡವರಿಗೆ ಪಾಲಿಪ್‌ಗೆಂದು ಪ್ರತಿ ಹೊಳ್ಳೆಗೆ ಎರಡು ಸಲದಂತೆ, ಬೆಳಿಗ್ಗೆ ಮತ್ತು ರಾತ್ರಿ ಬರೆಯುವುದು ರೂಢಿ. ತಲೆ ಸ್ವಲ್ಪ ಮುಂದೆ ಬಾಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿಯನ್ನು ಅದೇ ಕಡೆಯ ಕಣ್ಣಿನ ಹೊರಮೂಲೆಯತ್ತ ತಿರುಗಿಸಿ ಒತ್ತಬೇಕು. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ, ಸ್ಪ್ರೇ ಆಗಿಬರಲಿಲ್ಲ ಎಂದು ಬಿಟ್ಟುಬಿಡುವವರಲ್ಲಿ ಎಷ್ಟೋ ಜನರದ್ದು ಇದೇ ಕತೆ. ಜೋರಾಗಿ ಸೆಳೆದರೆ ಔಷಧ ಗಂಟಲಿಗೆ ಹೋಗುತ್ತದೆ. ಪರಿಣಾಮ ಗೊತ್ತಾಗಲು 8ರಿಂದ 12 ವಾರ ಬೇಕು, ನಾಲ್ಕು ದಿನಕ್ಕೆ ತೀರ್ಪು ಕೊಡಬೇಡಿ. ತಕ್ಷಣ ಮೂಗು ಬಿಡಿಸುವ ಕ್ಸೈಲೊಮೆಟಾಜೊಲಿನ್ ಹನಿಗಳನ್ನು 5 ದಿನಕ್ಕಿಂತ ಹೆಚ್ಚು ಹಾಕಿದರೆ ಆ ಹನಿಯಿಂದಲೇ ಮೂಗು ಕಟ್ಟುತ್ತದೆ.

ಸ್ಕ್ಯಾನ್, ಅರಿವಳಿಕೆ, ಆಪರೇಷನ್

ಮೂರು ತಿಂಗಳು ಸರಿಯಾಗಿ ತೊಳೆದು, ಸ್ಪ್ರೇ ಹೊಡೆದೂ ಅಂಕ ಇಳಿಯದಿದ್ದರೆ ಸಿಟಿ ಮಾಡಿಸುವ ಹೊತ್ತು. ಸೈನಸ್ ಎಕ್ಸ್‌ರೇಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ, ಅದರಲ್ಲಿ ಪಾಲಿಪ್ ತಿಳಿಯುವುದಿಲ್ಲ. ಕೋರಿಕೆ ಚೀಟಿ ಹೀಗಿರಲಿ: ಕಾಂಟ್ರಾಸ್ಟ್ ಇಲ್ಲದ ಸಿಟಿ ಪಿಎನ್‌ಎಸ್ (ಮೂಗಿನ ಸುತ್ತಲಿನ ಸೈನಸ್‌ಗಳ ಸ್ಕ್ಯಾನ್), 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಸ್ಲೈಸ್, ಮೂರೂ ಕೋನ. ಫಿಲ್ಮ್ ಜೊತೆ ಸಿಡಿಯನ್ನೂ ಪಡೆಯಿರಿ. ನೆಗಡಿ ಜೋರಿರುವಾಗ ಮಾಡಿಸಬೇಡಿ. ರೇಡಿಯಾಲಜಿ ತಜ್ಞರು ಸೈನಸ್‌ಗಳು ಎಷ್ಟು ತುಂಬಿವೆ ಎಂದು 24ಕ್ಕೆ ಕೊಡುವ ಲಂಡ್-ಮೆಕೇ ಅಂಕವನ್ನಷ್ಟೇ ಬರೆದರೆ ಸಾಲದು. ಮೂಗಿನ ಛಾವಣಿ ಎಷ್ಟು ತಗ್ಗಾಗಿದೆ, ಕಣ್ಣಿನ ಪಕ್ಕದ ತೆಳು ಮೂಳೆ ಎಲ್ಲಾದರೂ ಬಿಟ್ಟಿದೆಯೇ, ಕಣ್ಣಿನ ನರ ಸೈನಸ್‌ಗೆ ಚಾಚಿದೆಯೇ ಎಂಬುದು ಆಪರೇಷನ್ ಮಾಡುವವರಿಗೆ ಬೇಕು. ಸೈನಸ್ ಒಳಗೆ ಹೆಚ್ಚು ಬೆಳ್ಳಗಿನ ತೇಪೆ ಕಂಡರೆ ಅಲರ್ಜಿಕ್ ಶಿಲೀಂಧ್ರ ಸೈನುಸೈಟಿಸ್ ಅನುಮಾನ. ಅಂಥವರಿಗೆ ಗುಳಿಗೆ-ಸ್ಪ್ರೇ ಸಾಲದು, ಒಳಗಿನ ಕಂದು-ಹಸಿರು ಅಂಟನ್ನು ಪೂರ್ತಿ ತೆಗೆಯಲೇಬೇಕು.

ಆಪರೇಷನ್ ದಿನಕ್ಕೆ ಮುಂಚೆ ಅರಿವಳಿಕೆ ತಜ್ಞರಿಗೆ ಫೈಲು ಸಿಗಲಿ. ದಮ್ಮು ಹತೋಟಿಗೆ ಬಾರದೆ ಮಲಗಿಸಬಾರದು, ಇನ್ಹೇಲರ್ ಆ ದಿನ ಬೆಳಿಗ್ಗೆಯೂ ತಪ್ಪಬಾರದು. ಕೆಂಪು ಶಾಯಿಯ ಮಾತು ಇಲ್ಲಿ ಬಹಳ ಮುಖ್ಯ: ಆಪರೇಷನ್ ಆದಮೇಲೆ ನೋವಿಗೆ ರೂಢಿಯಂತೆ ಕೊಡುವ ಡೈಕ್ಲೊಫೆನಾಕ್ ಅಥವಾ ಕೀಟೊರೊಲಾಕ್ ಇಂಜೆಕ್ಷನ್ ಅಂಥ ರೋಗಿಗೆ ಬೀಳಬಾರದು, ವಾರ್ಡಿನ ನರ್ಸ್‌ಗೂ ಹೇಳಿ. ಹೃದಯಕ್ಕೆ ಇಕೋಸ್ಪ್ರಿನ್, ಕ್ಲೊಪಿಡೊಗ್ರೆಲ್ ತಗೊಳ್ಳುವವರು ತಾವಾಗಿ ನಿಲ್ಲಿಸಬಾರದು. ಸ್ಟೆಂಟ್ ಹೊಸದಾದರೆ ಹೃದ್ರೋಗ ತಜ್ಞರು ಗುಳಿಗೆಯನ್ನು ಮುಂದುವರಿಸಿ ಆಪರೇಷನ್ನನ್ನೇ ಮುಂದೂಡಲು ಹೇಳಬಹುದು.

ಕಾಣುವ ದುರ್ಮಾಂಸವನ್ನಷ್ಟೇ ಕಿತ್ತರೆ ಸೈನಸ್ ಗೂಡುಗಳು ಮುಚ್ಚಿಯೇ ಇರುತ್ತವೆ. ಎಂಡೋಸ್ಕೋಪಿಕ್ ಸೈನಸ್ ಸರ್ಜರಿಯಲ್ಲಿ ಗೂಡುಗಳ ಬಾಯಿ ಅಗಲಿಸುತ್ತಾರೆ, ಆಗ ತೊಳೆಯುವ ನೀರೂ ಔಷಧವೂ ಒಳಗೆ ತಲುಪುತ್ತವೆ. ತೆಗೆದ ಮಾಂಸ ಬಲಕ್ಕೊಂದು, ಎಡಕ್ಕೊಂದು ಬಾಟಲಿಯಲ್ಲಿ ಫಾರ್ಮಲಿನ್‌ನೊಳಗೆ ಪೆಥಾಲಜಿಗೆ ಹೋಗಬೇಕು. ಎರಡನ್ನೂ ಒಂದರಲ್ಲೇ ಹಾಕಿದರೆ, ಕೆಟ್ಟದ್ದೇನಾದರೂ ಸಿಕ್ಕಾಗ ಯಾವ ಕಡೆಯದೆಂದು ತಿಳಿಯದು. ಶಿಲೀಂಧ್ರ ಬೆಳೆಸಿ ನೋಡಲು ಕಳಿಸುವ ಅಂಟನ್ನು ಸಲೈನ್‌ನಲ್ಲಿ ಹಾಕಬೇಕು, ಫಾರ್ಮಲಿನ್‌ನಲ್ಲಿ ಅದು ಸತ್ತುಹೋಗುತ್ತದೆ. ಇಯೊಸಿನೊಫಿಲ್ ಎಷ್ಟಿವೆ ಎಂದು ಪೆಥಾಲಜಿ ವರದಿಯಲ್ಲಿ ಸಂಖ್ಯೆಯಲ್ಲೇ ಕೇಳಿ. ಸೂಕ್ಷ್ಮದರ್ಶಕದ ಒಂದು ಕ್ಷೇತ್ರಕ್ಕೆ 10 ಅಥವಾ ಹೆಚ್ಚಿದ್ದರೆ ಮರಳುವ ಸಂಭವ ಜಾಸ್ತಿ.

ಮನೆಗೆ ಬಂದಮೇಲೆ ಎರಡು ವಾರ ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ಮೂಟೆ ಎತ್ತಬಾರದು. ಬಾಗಿದಾಗ ತಿಳಿನೀರು ಒಂದೇ ಕಡೆಯಿಂದ ತೊಟ್ಟಿಕ್ಕಿದರೆ, ಕಣ್ಣು ಊದಿ ದೃಷ್ಟಿ ಮಂಜಾದರೆ ಬೆಳಗಾಗುವವರೆಗೆ ಕಾಯದೆ ಹೊರಡಿ. ಮೊದಲ ಆರು ವಾರದಲ್ಲಿ ಎರಡು-ಮೂರು ಸಲ ಎಂಡೋಸ್ಕೋಪ್‌ನಲ್ಲಿ ಹೊಪ್ಪಳೆ ಬಿಡಿಸಬೇಕು, ಇಲ್ಲದಿದ್ದರೆ ಒಳಗೆ ಅಂಟಿಕೊಳ್ಳುತ್ತದೆ. ಮೊಳಕಾಲ್ಮೂರು, ಜಗಳೂರು ಕಡೆಯಿಂದ ಬರುವವರು ಈ ದಿನಗಳಲ್ಲೇ ಶ್ವಾಸಕೋಶ ತಜ್ಞರ ಭೇಟಿಯನ್ನೂ ಹೊಂದಿಸಿಕೊಂಡರೆ ಒಂದೇ ಬಸ್ ಚಾರ್ಜಿನಲ್ಲಿ ಎರಡು ಕೆಲಸ. ಖರ್ಚಿನ ವಿಚಾರ: ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಈ ಆಪರೇಷನ್ ಯಾವ ಪ್ಯಾಕೇಜಿನಲ್ಲಿ ಬರುತ್ತದೆ, ರೆಫರಲ್ ಚೀಟಿ ಬೇಕೇ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರನ್ನು ದಾಖಲಾಗುವ ಮುನ್ನವೇ ಕೇಳಿ.

ಮರಳಿ ಬಂದರೆ

ಪಾಲಿಪ್ ಮರಳುವುದು ಆಪರೇಷನ್ ಕೆಟ್ಟಿತೆಂಬುದಕ್ಕೆ ಗುರುತಲ್ಲ. ಒಳ್ಳೆಯ ಕೇಂದ್ರಗಳಲ್ಲೂ ಒಂದೂವರೆ ವರ್ಷದೊಳಗೆ 100ರಲ್ಲಿ ಸುಮಾರು 40 ಜನರ ಮೂಗಿನಲ್ಲಿ ಎಂಡೋಸ್ಕೋಪ್‌ಗೆ ಮತ್ತೆ ಕಂಡಿದೆ. ಎಲ್ಲರಿಗೂ ಮತ್ತೆ ಕತ್ತರಿಸಬೇಕೆಂದಿಲ್ಲ. ಸ್ಪ್ರೇ ಮತ್ತು ತೊಳೆಯುವುದನ್ನು ವರ್ಷಗಟ್ಟಲೆ ಬಿಡದವರು ಹೆಚ್ಚು ಕಾಲ ಚೆನ್ನಾಗಿರುತ್ತಾರೆ. ಇಎನ್‌ಟಿಯವರು ಹೇಳಿದರೆ 0.5 ಮಿ.ಗ್ರಾಂ ಬುಡೆಸೊನೈಡ್ ರೆಸ್ಪ್ಯೂಲನ್ನು (ಸ್ಟೀರಾಯ್ಡ್ ದ್ರವದ ಪುಟ್ಟ ಪ್ಲಾಸ್ಟಿಕ್ ಕುಪ್ಪಿ) ತೊಳೆಯುವ ನೀರಿಗೇ ಬೆರೆಸಬಹುದು.

ಇಷ್ಟಾದರೂ ಹಿಡಿತಕ್ಕೆ ಸಿಗದವರಿಗೆ, ಉರಿಯೂತ ಎಬ್ಬಿಸುವ ನಿರ್ದಿಷ್ಟ ಅಂಶವನ್ನೇ ತಡೆಯುವ ಬಯಾಲಾಜಿಕ್ ಇಂಜೆಕ್ಷನ್‌ಗಳಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪಾಲಿಪ್‌ಗೆಂದು 2019ರಲ್ಲಿ ಡುಪಿಲುಮ್ಯಾಬ್, 2020ರಲ್ಲಿ ಒಮಲಿಜುಮ್ಯಾಬ್, 2021ರಲ್ಲಿ ಮೆಪೊಲಿಜುಮ್ಯಾಬ್‌ಗೆ ಒಪ್ಪಿಗೆ ಕೊಟ್ಟಿತು. ಬೆಲೆ ದುಬಾರಿ, ನಿಲ್ಲಿಸಿದರೆ ಕಾಯಿಲೆ ಮರಳಬಹುದು. ಆದ್ದರಿಂದ ಈ ತೀರ್ಮಾನವನ್ನು ಇಎನ್‌ಟಿ ಮತ್ತು ಶ್ವಾಸಕೋಶ ತಜ್ಞರು ಕೂಡಿ ಕುಳಿತೇ ಮಾಡಬೇಕು. ಹಿಂದೆ ಸೈನಸ್ ಸರ್ಜರಿ ಆಗಿದ್ದು, ಎರಡೂ ಕಡೆ ಪಾಲಿಪ್ ಮರಳಿದ್ದು, ಈ ಐದರಲ್ಲಿ ಮೂರಾದರೂ ಇರಬೇಕೆಂಬುದು ಯುರೋಪಿನ ತಜ್ಞರ ಮಾರ್ಗಸೂಚಿ: ಇಯೊಸಿನೊಫಿಲ್ ಅಥವಾ ಐಜಿಇ ಹೆಚ್ಚಿರುವುದು, ವರ್ಷಕ್ಕೆ ಎರಡು ಸಲವಾದರೂ ಸ್ಟೀರಾಯ್ಡ್ ಗುಳಿಗೆ ಬೇಕಾಗಿರುವುದು ಅಥವಾ ಕೊಡಲಾಗದಿರುವುದು, ದಿನನಿತ್ಯದ ಬದುಕಿಗೆ ಗಣನೀಯ ತೊಂದರೆ, ವಾಸನೆ ಪೂರ್ತಿ ಹೋಗಿರುವುದು, ನಿತ್ಯ ಇನ್ಹೇಲರ್ ಬೇಕಾಗುವ ದಮ್ಮು. ಇಂಜೆಕ್ಷನ್ ಶುರುವಾದರೆ ಆರನೇ ತಿಂಗಳಿಗೆ ಪಾಲಿಪ್ ಅಂಕ, ವಾಸನೆ, ಎಫ್‌ಇವಿ1 ಮೂರನ್ನೂ ಮತ್ತೆ ಅಳೆಯಬೇಕು. ಮೂರರಲ್ಲಿ ಒಂದೂ ಸುಧಾರಿಸದಿದ್ದರೆ ಮುಂದಿನ ಡೋಸಿಗೆ ದುಡ್ಡು ಕಟ್ಟುವ ಮೊದಲು ಇಬ್ಬರೂ ವೈದ್ಯರನ್ನು ಕೇಳಿ ನಿಲ್ಲಿಸಬೇಕೋ, ಔಷಧ ಬದಲಿಸಬೇಕೋ ತೀರ್ಮಾನಿಸಿ.